ಕಿಟಕಿ ಪಕ್ಕ ಕೂತು ಕೊಟ್ಟ ದಾರಿ ಸುದ್ದಿ

ಬೆಳಗಿನ ಮೊದಲ ಸುದ್ದಿ ಬರುವ ಹೊತ್ತಿಗೆ ಡಿಪ್ಪರಣ್ಣ ಮುಖ ತೊಳೆದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೊಬೈಲು ಕಿಟಕಿಯ ಕಟ್ಟೆಯ ಮೇಲೆ, ಕನ್ನಡಕದ ಡಬ್ಬಿಗೆ ಒರಗಿಕೊಂಡು ನಿಂತಿರುತ್ತಿತ್ತು. ಅದು ಗುಂಯ್ ಎಂದ ಕೂಡಲೇ ಎತ್ತಿ ಕಿವಿಗೆ ಹಿಡಿಯುತ್ತಿದ್ದರು.

“ಫ್ಲೈಓವರ್ ಇಳಿಯೋ ಜಾಗ. ಇಬ್ರು ನಿಂತಿದಾರೆ. ಪೇಪರ್ ಕೇಳ್ತಿದಾರೆ. ಬೆಲ್ಟ್ ಹಾಕ್ಕೊಳ್ರಪ್ಪೋ.”

ಅಡುಗೆಮನೆಯಿಂದ ಹೆಂಡತಿ ಕೇಳುತ್ತಿದ್ದರು: “ಹಾಕ್ಕೊಂಡ್ರಾ?”

“ಏನನ್ನ?”

“ಬೆಲ್ಟ್. ಕುರ್ಚಿಗೆ.”

ಡಿಪ್ಪರಣ್ಣನ ಬಳಿ ಗಾಡಿ ಇರಲಿಲ್ಲ. ಆ ಫ್ಲೈಓವರನ್ನು ಅವರು ಕಣ್ಣಿನಿಂದ ನೋಡಿಯೂ ಇರಲಿಲ್ಲ. ಅದರ ಕಂಬಗಳು ಏಳುವ ಮೊದಲೇ ಗಾಡಿ ಓಡಿಸುವುದನ್ನು ಬಿಟ್ಟವರು ಅವರು. ಆದರೂ ‘ದಾರಿ ಸುದ್ದಿ’ ಎಂಬ ಮೊಬೈಲ್ ಗುಂಪಿನಲ್ಲಿ ಅವರ ನಂಬರು ಇತ್ತು. ಅಲ್ಲಿ ಉಳಿದುಕೊಳ್ಳುವುದಕ್ಕಿಂತ ದೊಡ್ಡ ಆಸೆ ಆ ವಯಸ್ಸಿನಲ್ಲಿ ಅವರಿಗೆ ಬೇರೆ ಇರಲಿಲ್ಲ.

ಉಳಿದುಕೊಳ್ಳುವುದು ಸುಲಭವಲ್ಲ. ಅದು ಗಾಡಿ ಓಡಿಸಿ ಬದುಕುವವರ ಗುಂಪು. ಟ್ಯಾಕ್ಸಿಯವರು, ನೀರಿನ ಟ್ಯಾಂಕರಿನವರು, ಪಾರ್ಸೆಲ್ ಹಂಚುವವರು ಎಲ್ಲರೂ ಇದ್ದರು. ರಸ್ತೆಯಲ್ಲಿ ಎಲ್ಲಿ ತಪಾಸಣೆ ನಡೆಯುತ್ತಿದೆ ಎಂದು ಕಂಡವರು ಹೇಳಬೇಕು, ಮಿಕ್ಕವರು ಕೇಳಿಸಿಕೊಳ್ಳಬೇಕು. ಗುಂಪು ತುಂಬಿಹೋಗಿತ್ತು, ಸೇರಲು ಕಾಯುವವರ ಸಾಲು ಹೊರಗಿತ್ತು. ಆದ್ದರಿಂದ ಅದನ್ನು ನಡೆಸುವ ಶಾಲಾ ವ್ಯಾನಿನ ಅಕ್ಕ ಎರಡು ನಿಯಮ ಮಾಡಿದ್ದಳು. ತಿಂಗಳಿಗೆ ಒಂದಾದರೂ ಸುದ್ದಿ ಕೊಡದವನು ಹೊರಗೆ. ಕುಡಿದು ಓಡಿಸುವವರನ್ನು ಹಿಡಿಯುವ ತಪಾಸಣೆಯ ಸುದ್ದಿ ಕೊಟ್ಟವನೂ ಹೊರಗೆ. “ಕುಡಿದೋನು ಸಿಕ್ಕಿಬೀಳ್ಲಿ ಬಿಡ್ರಿ. ತಪ್ಪಿಸ್ಕೊಂಡ್ರೆ ಬಂದು ಗುದ್ದೋದು ನಮಗೇ” ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಅದಕ್ಕೆ ಎದುರು ಮಾತಾಡಿದವರಿಲ್ಲ.

ಎರಡನೆಯ ನಿಯಮದಿಂದ ಡಿಪ್ಪರಣ್ಣನಿಗೆ ತೊಂದರೆ ಇರಲಿಲ್ಲ. ಮೊದಲನೆಯದು ಮಾತ್ರ ಕುತ್ತಿಗೆಗೆ ಬಂದು ಕೂತಿತ್ತು. ಮನೆ ಬಿಟ್ಟು ಹೋಗದವನಿಗೆ ರಸ್ತೆಯ ಸುದ್ದಿ ಎಲ್ಲಿಂದ ಸಿಗಬೇಕು?

ಅವರು ಐಸ್ ಗಾಡಿ ಓಡಿಸುತ್ತಿದ್ದವರು. ಊರಿನ ಅಂಚಿನಲ್ಲಿ ಒಂದು ಐಸ್ ಫ್ಯಾಕ್ಟರಿ ಇತ್ತು. ನೆಲದೊಳಗೆ ಉಪ್ಪುನೀರಿನ ತೊಟ್ಟಿ, ತೊಟ್ಟಿಯೊಳಗೆ ಉದ್ದುದ್ದ ತಗಡಿನ ಡಬ್ಬಗಳು, ಡಬ್ಬಗಳ ಮೇಲೆ ಮರದ ಹಲಗೆಗಳು. ಬೆಳಗಾಗುವಷ್ಟರಲ್ಲಿ ಡಬ್ಬವನ್ನು ಮೇಲಕ್ಕೆತ್ತಿ ಬೋರಲು ಹಾಕಿದರೆ ಆಳುದ್ದದ ಐಸ್‌ಗಡ್ಡೆ ಹಲಗೆಯ ಮೇಲೆ ಜಾರಿಕೊಂಡು ಸೀದಾ ಗಾಡಿಯ ಬಾಯಿಗೆ ಬರುತ್ತಿತ್ತು. ಅದನ್ನು ಕಬ್ಬಿಣದ ಕೊಕ್ಕೆಯಿಂದ ಎಳೆದು ಜೋಡಿಸಿ, ಮೇಲೆ ಮರದ ಹೊಟ್ಟು ಸುರಿದು, ಗೋಣಿಚೀಲ ಹೊದೆಸಿ, ಅದರ ಮೇಲೆ ಟಾರ್ಪಾಲು ಕಟ್ಟಿ ಹೊರಡಬೇಕು. ಮೊದಲು ಮೀನಿನ ಮಾರುಕಟ್ಟೆ, ಆಮೇಲೆ ಸೋಡಾ ಅಂಗಡಿಗಳು, ಕೊನೆಗೆ ಹಾಲಿನ ಡಿಪೋ. ಗಾಡಿ ಹೋದ ದಾರಿ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ರಸ್ತೆಯ ಉದ್ದಕ್ಕೂ ನೀರಿನ ಗೆರೆ ಬಿದ್ದಿರುತ್ತಿತ್ತು.

ಮಿಕ್ಕ ಡ್ರೈವರುಗಳಿಗೆ ತಪಾಸಣೆ ಎಂದರೆ ತಲೆನೋವು. ಐಸ್ ಗಾಡಿಯವನಿಗೆ ಅದು ಕಣ್ಣೆದುರೇ ಆಗುವ ನಷ್ಟ. ಅವನ ಕಾಗದಪತ್ರ ಎಷ್ಟೇ ಸರಿ ಇರಲಿ, ಅವುಗಳನ್ನು ತಿರುವಿಹಾಕುವಷ್ಟು ಹೊತ್ತು ಹಿಂದೆ ತೊಟ್ಟಿಕ್ಕುತ್ತಲೇ ಇರುತ್ತದೆ. ಒಮ್ಮೆ ಹೊಸದಾಗಿ ಬಂದಿದ್ದ ಇನ್‌ಸ್ಪೆಕ್ಟರು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಭಾರಕ್ಕೆ ತಗ್ಗಿದ ಸ್ಪ್ರಿಂಗ್ ಪಟ್ಟಿಗಳನ್ನು ನೋಡಿ, “ಓವರ್‌ಲೋಡ್” ಎಂದರಂತೆ.

“ಹೌದು ಸಾರ್,” ಎಂದರು ಡಿಪ್ಪರಣ್ಣ. “ಸ್ವಲ್ಪ ಹೊತ್ತು ಹೀಗೇ ನಿಲ್ಲಿಸಿಕೊಂಡಿರಿ, ತಾನೇ ಸರಿಹೋಗುತ್ತೆ.”

ಇನ್‌ಸ್ಪೆಕ್ಟರು ನಕ್ಕರು. ನಗುತ್ತಲೇ ಅರ್ಧ ಬೆಳಗು ನಿಲ್ಲಿಸಿಕೊಂಡರು. ಮಾರುಕಟ್ಟೆ ತಲುಪಿದಾಗ ಮೀನು ಮಾರುವ ಹೆಂಗಸರು ಬುಟ್ಟಿಗಳ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. “ಬಂದ ನೋಡೇ ಧಣಿ. ಐಸ್ ತಂದಿದೀಯೇನಪ್ಪಾ, ಇಲ್ಲಾ ಸ್ನಾನಕ್ಕೆ ನೀರು ತಂದಿದೀಯೋ?” ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬಾಕೆ, “ಬಿಡೇ, ಬಿಸಿ ಮಾಡ್ಕೊಂಡು ತಂದಿಲ್ವಲ್ಲ, ಪುಣ್ಯ” ಎಂದಳು.

ಇಂಥ ಕೆಲಸದಲ್ಲಿ ಎದುರಿನಿಂದ ಬರುವ ಡ್ರೈವರೇ ಬಂಧು, ಬಳಗ, ಎಲ್ಲ. ಆಗ ಮೊಬೈಲ್ ಇರಲಿಲ್ಲ. ಎದುರು ಗಾಡಿಯವನು ದೂರದಿಂದಲೇ ದೀಪವನ್ನು ಎರಡು ಸಲ ಮಿಟುಕಿಸಿದರೆ ಮುಂದೆ ಏನೋ ಇದೆ ಎಂದರ್ಥ. ಹೀಗೆ ಮಿಟುಕಿಸುವುದಕ್ಕೇ ಡಿಪ್ಪರ್ ಹೊಡೆಯುವುದು ಎನ್ನುತ್ತಿದ್ದರು. ಗಾಡಿ ಹತ್ತಿರ ಬಂದಾಗ ಕೈ ಮಾತಾಡುತ್ತಿತ್ತು. ಅಂಗೈಯಿಂದ ತಲೆ ತಟ್ಟಿಕೊಂಡರೆ ಟೋಪಿಯವರು ನಿಂತಿದ್ದಾರೆ. ಅಂಗಿಯ ಜೇಬು ತಟ್ಟಿಕೊಂಡರೆ ಕಾಗದ ಕೇಳುತ್ತಿದ್ದಾರೆ. ಹೆಬ್ಬೆರಳನ್ನು ಬೆನ್ನ ಹಿಂದಕ್ಕೆ ತೋರಿಸಿದರೆ ಲೋಡು ತೂಗುತ್ತಿದ್ದಾರೆ. ಉತ್ತರವಾಗಿ ಸ್ಟೇರಿಂಗಿನ ಮೇಲಿಂದ ಒಂದು ಬೆರಳು ಎತ್ತಿದರೆ ಸಾಕು, ಲೆಕ್ಕ ಚುಕ್ತಾ. ಹೆಸರು ಗೊತ್ತಿರುತ್ತಿರಲಿಲ್ಲ, ಮುಖ ಗೊತ್ತಿರುತ್ತಿತ್ತು. ಇಟ್ಟಿಗೆ ಲಾರಿಯ ಬೊಕ್ಕತಲೆಯವನು, ಹಾಲಿನ ಗಾಡಿಯ ಮೀಸೆಯವನು, ಪೆಟ್ರೋಲ್ ಟ್ಯಾಂಕರಿನಲ್ಲಿ ಯಾವಾಗಲೂ ಹಾಡು ಹೇಳುತ್ತ ಬರುವವನು. ಒಂದು ವಾರ ಯಾವುದಾದರೂ ಮುಖ ಕಾಣದಿದ್ದರೆ ಮಧ್ಯಾಹ್ನದ ಚಹಾ ಅಂಗಡಿಯಲ್ಲಿ ವಿಚಾರಿಸುತ್ತಿದ್ದರು.

ಡಿಪ್ಪರಣ್ಣ ಎಲ್ಲರಿಗೂ ಡಿಪ್ಪರ್ ಹೊಡೆಯುತ್ತಿದ್ದರು. ಲಾರಿಗೆ, ಬಸ್ಸಿಗೆ, ಸ್ಕೂಟರಿಗೆ, ಒಂದು ಸಲ ಮದುವೆಯ ಕಾರಿಗೂ ಹೊಡೆದರಂತೆ. ಒಳಗಿದ್ದ ಮದುಮಗ ಏನೋ ಅನಾಹುತವಾಯಿತೆಂದು ಕಾರು ನಿಲ್ಲಿಸಿ ಇಳಿದುಬಂದ. ಈ ಹೆಸರು ಅಲ್ಲಿಂದ ಬಂತು. ಹೆಂಡತಿ ಇನ್ನೊಂದು ಕಥೆ ಹೇಳುತ್ತಾರೆ. ಅವರ ತಂದೆಯದು ಸೋಡಾ ಅಂಗಡಿ. ಮಗಳು ಗಲ್ಲಾದ ಹಿಂದೆ ಕೂತು ಬಾಟಲಿ ಒರೆಸುತ್ತಿದ್ದರೆ ಐಸ್ ಗಾಡಿ ದಿನಾ ಬಂದು ನಿಲ್ಲುತ್ತಿತ್ತು. “ಒಂದಿನ ಹಾಡಹಗಲಲ್ಲಿ ನನಗೂ ಹೊಡೆದ್ರು ಡಿಪ್ಪರ್. ನಮ್ಮಪ್ಪ ಹಿಂದೇನೇ ನಿಂತಿದ್ರು.”

“ಅದಕ್ಕೇ ಹೊಡೆದದ್ದು,” ಎನ್ನುತ್ತಾರೆ ಗಂಡ. “ಹಿಂದೆ ಇನ್‌ಸ್ಪೆಕ್ಟರ್ ನಿಂತಿದಾರೆ ಅಂತ.”

ಆ ದಾರಿಗಳಿಗೆ ಬರೆಯದ ಒಂದು ಕಟ್ಟುಪಾಡಿತ್ತು. ಸುಳ್ಳು ಸನ್ನೆ ಮಾಡಬಾರದು. ಕಲ್ಲಿನ ಲಾರಿಯ ಒಬ್ಬ ಡ್ರೈವರ್ ತಮಾಷೆಗೆಂದು ಅದನ್ನು ಮಾಡಿದ. ಯಾರೂ ಇಲ್ಲದ ಕಡೆ ಟೋಪಿಯವರಿದ್ದಾರೆಂದು ತಲೆ ತಟ್ಟಿಕೊಂಡು ಹೋದ. ಎದುರಿನಿಂದ ಬಂದ ನಾಲ್ಕಾರು ಗಾಡಿಗಳು ಹಳ್ಳದ ದಾರಿ ಹಿಡಿದವು. ಅದರಲ್ಲಿ ಒಂದು ಕೆಸರಲ್ಲಿ ಹೂತುಕೊಂಡಿತು. ಯಾರೂ ಅವನೊಂದಿಗೆ ಜಗಳಕ್ಕೆ ಹೋಗಲಿಲ್ಲ. ಮಾರನೆಯ ದಿನದಿಂದ ಅವನಿಗೆ ಡಿಪ್ಪರ್ ಹೊಡೆಯುವುದನ್ನು ನಿಲ್ಲಿಸಿದರು, ಅಷ್ಟೆ. ಅವನು ದೀಪ ಮಿಟುಕಿಸಿದರೂ ಎದುರಿನವರ ಬೆರಳು ಸ್ಟೇರಿಂಗ್ ಬಿಟ್ಟು ಏಳುತ್ತಿರಲಿಲ್ಲ. ಆ ಮನುಷ್ಯ ಮೂಕರ ರಸ್ತೆಯಲ್ಲಿ ಓಡಿಸಿದ ಹಾಗೆ ಸ್ವಲ್ಪ ಕಾಲ ಓಡಿಸಿ, ಕೊನೆಗೆ ಆ ದಾರಿಯನ್ನೇ ಬಿಟ್ಟು ಬೇರೆ ಕಡೆ ಹೋದ. ಈ ಕಥೆ ಹೇಳುವಾಗ ಡಿಪ್ಪರಣ್ಣನ ದನಿ ಇಂದಿಗೂ ತಗ್ಗುತ್ತದೆ.

ಅವರ ಓಡಾಟ ನಿಂತದ್ದು ಒಂದು ಚಪ್ಪಲಿಯಿಂದ. ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷ ಆಗಿತ್ತು. ಒಂದು ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, “ಬಲಗಾಲಿನ ಚಪ್ಪಲಿ ಎಲ್ಲಿ?” ಎಂದರು. ಡಿಪ್ಪರಣ್ಣ ಕೆಳಗೆ ನೋಡಿದರು. ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿಬಿತ್ತು, ಎಷ್ಟು ದೂರ ಬರಿಗಾಲಲ್ಲಿ ನಡೆದರು, ಒಂದೂ ಗೊತ್ತಿರಲಿಲ್ಲ. ಅಂಗಾಲಿಗೆ ಒಂದು ಮೊಳೆ ಚುಚ್ಚಿಕೊಂಡಿತ್ತು, ಅದೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಫ್ಯಾಕ್ಟರಿಗೆ ಹೋಗಿ ಧಣಿಯ ಮೇಜಿನ ಮೇಲೆ ಕೀಲಿ ಇಟ್ಟರು. ಧಣಿ, “ಇನ್ನೊಂದು ವರ್ಷ ಓಡ್ಸಯ್ಯ” ಎಂದರು. “ಬ್ರೇಕ್ ಒತ್ತಿದೀನಾ ಇಲ್ವಾ ಅಂತ ಕಾಲು ಹೇಳ್ಬೇಕು ಧಣಿ,” ಎಂದರು ಡಿಪ್ಪರಣ್ಣ. “ಇದು ಬಾಯಿ ಮುಚ್ಕೊಂಡು ಕೂತುಬಿಟ್ಟಿದೆ.” ಯಾರೂ ಬಿಡಿಸದೆ ತಾವೇ ಬಿಟ್ಟರು ಎಂಬುದನ್ನು ಹೆಂಡತಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಸ್ವಲ್ಪ ಸಮಯದಲ್ಲಿ ಫ್ಯಾಕ್ಟರಿಯೂ ಮುಚ್ಚಿತು. ಪ್ರತಿ ಅಂಗಡಿಯಲ್ಲೂ ಫ್ರಿಜ್ ಬಂದಿತ್ತು.

ಆಮೇಲಿನ ವರ್ಷಗಳು ಕಿಟಕಿ ಪಕ್ಕದವು. ಕಿಟಕಿಯಿಂದ ಕಾಣುತ್ತಿದ್ದುದು ಒಂದು ಓಣಿ, ಎದುರು ಮನೆಯ ಗೋಡೆ, ಒಣಗಲು ಹಾಕಿದ ಬಟ್ಟೆ. ಹೆಂಡತಿಯ ತಮ್ಮ, ನೀರಿನ ಟ್ಯಾಂಕರ್ ಓಡಿಸುವವನು, ಒಂದು ದಿನ ಬಂದು ತನ್ನ ಭಾವನ ಮೊಬೈಲ್ ಕಿತ್ತುಕೊಂಡು ಏನೋ ಒತ್ತಿ ವಾಪಸು ಕೊಟ್ಟ. “ಭಾವ, ನಿಮ್ಮನ್ನ ‘ದಾರಿ ಸುದ್ದಿ’ಗೆ ಡಿಪ್ಪರಣ್ಣ ಅಂತ ಸೇರಿಸಿದೀನಿ. ಸುಮ್ನೆ ಕೇಳ್ತಾ ಕೂತ್ಕೊಳ್ಳಿ, ಹೊತ್ತು ಹೋಗುತ್ತೆ. ಅಕ್ಕನ ತಲೆ ತಿನ್ನೋದಾದ್ರೂ ತಪ್ಪುತ್ತೆ.”

ಕೇಳುತ್ತ ಕೂತರು. ಮೊದಮೊದಲು ಒಂದೂ ತಿಳಿಯಲಿಲ್ಲ. ಮೊಬೈಲ್ ಶೋರೂಮ್ ಕಾರ್ನರ್ ಎನ್ನುತ್ತಾರೆ, ಅದು ಎಲ್ಲಿ? ಭಾವಮೈದುನನನ್ನು ಕೇಳಿ, ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆಸಿಕೊಂಡು ನೋಡಿದರೆ, ಅದು ಅವರದೇ ಐಸ್ ಫ್ಯಾಕ್ಟರಿ. ಹೊಸ ಬಸ್ ನಿಲ್ದಾಣದ ಹಿಂಬದಿ ಎಂದರೆ ಮಧ್ಯಾಹ್ನದ ಚಹಾ ಅಂಗಡಿ ಇದ್ದ ಜಾಗ. ಆಸ್ಪತ್ರೆಯ ಎರಡನೇ ಗೇಟು ಎಂದರೆ ಇಟ್ಟಿಗೆ ಲಾರಿಯ ಬೊಕ್ಕತಲೆಯವನು ದಿನಾ ಎದುರಾಗುತ್ತಿದ್ದ ಇಳಿಜಾರು. ಒಂದೊಂದು ಸುದ್ದಿ ಬಂದಾಗಲೂ ಕಣ್ಣು ಮುಚ್ಚಿ ಆ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದರು. ಹೊಸ ಹೆಸರಿನ ಕೆಳಗೆ ಹಳೆಯ ರಸ್ತೆ ಹಾಗೇ ಇತ್ತು. ಹೆಂಡತಿಗೆ ಹೇಳುತ್ತಿದ್ದರು: “ಕೇಳಿದ್ಯಾ, ನಮ್ಮ ಸೋಡಾ ಅಂಗಡಿ ತಿರುವಲ್ಲಿ ನಿಂತಿದಾರಂತೆ.” “ಅಲ್ಲೀಗ ಬ್ಯಾಂಕ್ ಇದೆ” ಎಂದರೆ, “ಇರ್ಲಿ ಬಿಡು” ಎನ್ನುತ್ತಿದ್ದರು.

ತಿಂಗಳು ಮುಗಿಯುತ್ತ ಬಂದಾಗ ಶಾಲಾ ವ್ಯಾನಿನ ಅಕ್ಕನ ದನಿ ಬಂತು. “ಸುದ್ದಿ ಕೊಡದೆ ಬರೀ ಕೇಳಿಸ್ಕೊಳ್ತಿರೋರು ಇದಾರೆ. ನಾಳೆ ಸಂಜೆ ತೆಗೀತೀನಿ. ಆಮೇಲೆ ಅಕ್ಕಾ ಅಕ್ಕಾ ಅಂತ ಬರಬೇಡಿ.”

ಅಂದು ಡಿಪ್ಪರಣ್ಣ ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಮೊಬೈಲನ್ನು ಬಾಯಿ ಹತ್ತಿರ ಹಿಡಿದು, ಜೀವನದಲ್ಲಿ ಮೊದಲ ಸಲ ಸುಳ್ಳು ಸನ್ನೆ ಮಾಡಿದರು. “ಆಸ್ಪತ್ರೆ ಎರಡನೇ ಗೇಟ್ ಇಳಿಜಾರು. ಮರದ ಕೆಳಗೆ ಮೂರು ಜನ. ಜೋಪಾನ.”

ಪೂರ್ತಿ ಸುಳ್ಳೇನಲ್ಲ, ಅಂದಾಜು ಎಂದು ತಮಗೆ ತಾವೇ ಹೇಳಿಕೊಂಡರು. ತಿಂಗಳ ಕೊನೆ, ಬಿಸಿಲು ಏರುವ ಹೊತ್ತು, ಇಳಿಜಾರಿನಲ್ಲಿ ಗಾಡಿ ತಾನೇ ನಿಧಾನ ಆಗುತ್ತದೆ, ಅಲ್ಲಿ ನೆರಳಿದೆ. ಹಿಂದೆಯೂ ಅಲ್ಲೇ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಬ್ಬ ಟ್ಯಾಕ್ಸಿಯವನ ದನಿ ಬಂತು: “ಡಿಪ್ಪರಣ್ಣ ಹೇಳಿದ್ದು ಸರಿ. ಈಗಷ್ಟೇ ಬಂದು ಬ್ಯಾರಿಕೇಡ್ ಇಡ್ತಿದಾರೆ. ಅಣ್ಣಾ, ಇಡೋಕ್ ಮುಂಚೇನೇ ಹೇಗೆ ನೋಡಿದ್ರಿ?” ಆ ಮಧ್ಯಾಹ್ನ ಡಿಪ್ಪರಣ್ಣ ಎರಡು ಸಲ ಅನ್ನ ಹಾಕಿಸಿಕೊಂಡರು.

ತಿಂಗಳಿಗೆ ಒಂದಕ್ಕೆ ನಿಲ್ಲಿಸಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಜನ ಕೇಳತೊಡಗಿದರು. “ಡಿಪ್ಪರಣ್ಣ, ಮಾರ್ಕೆಟ್ ಕಡೆ ಹೇಗಿದೆ?” “ಅಣ್ಣಾ, ಡಿಪೋ ರೋಡಲ್ಲಿ ಯಾರಾದ್ರೂ ಇದಾರಾ?” ವರ್ಷಗಳಿಂದ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕೇಳಿದವರಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅಂದಾಜು ಸರಿಯಾದ ದಿನ ಶಹಭಾಸ್ ಬರುತ್ತಿತ್ತು. ತಪ್ಪಿದ ದಿನವೂ ಸಿಕ್ಕಿಬೀಳುತ್ತಿರಲಿಲ್ಲ. “ಎದ್ದು ಹೋದ್ರು ಅನ್ಸುತ್ತೆ” ಎಂದು ಜನರೇ ಹೇಳಿಕೊಳ್ಳುತ್ತಿದ್ದರು. ತಪಾಸಣೆಯ ಸುದ್ದಿಗೆ ಇರುವ ಅನುಕೂಲ ಅದು. ಇಲ್ಲದ್ದನ್ನು ಇತ್ತು ಎಂದರೆ, ಈಗ ಇಲ್ಲ ಎಂದಷ್ಟೇ ಆಗುತ್ತದೆ.

“ಕೂತಲ್ಲೇ ಕೂತು ಪೊಲೀಸರನ್ನ ನಿಲ್ಲಿಸ್ತೀರಿ, ಎಬ್ಬಿಸ್ತೀರಿ,” ಎಂದರು ಹೆಂಡತಿ. “ನಿಮಗೂ ಒಂದು ಟೋಪಿ ಹೊಲಿದು ಕೊಡ್ಲಾ?”

“ಸುಮ್ನಿರೆ.”

“ಸುಮ್ನೇ ಇದೀನಿ. ಯಾರಾದ್ರೂ ಹಿಡಿದ್ರೆ ನನಗೇನೂ ಗೊತ್ತಿಲ್ಲ ಅಂತೀನಿ, ಈಗಲೇ ಹೇಳಿರ್ತೀನಿ.”

ಹಿಡಿದದ್ದು ಬಿಸ್ಕತ್ ಫ್ಯಾಕ್ಟರಿಯ ತಿರುವು. ಅದು ಹಳೆಯ ಕಾಲದಿಂದಲೂ ಟೋಪಿಯವರ ತವರುಮನೆ. ತಿರುಗುವವರೆಗೂ ಕಾಣುವುದಿಲ್ಲ, ತಿರುಗಿದ ಮೇಲೆ ಹಿಂದೆ ಹೋಗಲು ಆಗುವುದಿಲ್ಲ. ಒಂದು ಬೆಳಿಗ್ಗೆ ಯಾರೋ ಕೇಳಿದರು, ಡಿಪ್ಪರಣ್ಣ ಹೇಳಿದರು: “ಬಿಸ್ಕತ್ ಫ್ಯಾಕ್ಟರಿ ತಿರುವಲ್ಲಿ ಜೀಪ್ ನಿಂತಿದೆ. ನಾನು ಈಗಷ್ಟೇ ದಾಟಿ ಬಂದೆ.”

ಗುಂಪಿನಲ್ಲಿ ಮಾತುಗಳು ಒಂದರ ಹಿಂದೆ ಒಂದು ಬಂದವು.

“ಯಾವ ಬಿಸ್ಕತ್ ಫ್ಯಾಕ್ಟರಿ ಅಣ್ಣಾ?”

“ಅಲ್ಲಿ ಪೈಪ್ ಹಾಕೋಕೆ ರಸ್ತೆ ಅಗೆದು ವಾರ ಆಯ್ತಲ್ಲ!”

“ಜೀಪು ಗುಂಡಿ ಒಳಗೆ ನಿಂತಿತ್ತಾ, ಮೇಲೆ ನಿಂತಿತ್ತಾ?”

“ಡಿಪ್ಪರಣ್ಣ ಹಾರಿಕೊಂಡು ದಾಟಿದಾರೆ. ಅವರ ಗಾಡಿಗೆ ರೆಕ್ಕೆ ಇದೆ ಕಣ್ರೋ.”

ನಗು ಇನ್ನೂ ನಡೆಯುತ್ತಿರುವಾಗಲೇ ಶಾಲಾ ವ್ಯಾನಿನ ಅಕ್ಕ ಒಂದೇ ಮಾತು ಹಾಕಿದಳು: “ಎಲ್ಲರೂ ಸಾಕು ಮಾಡಿ.” ಮಕ್ಕಳನ್ನು ಶಾಲೆಗೆ ಬಿಟ್ಟು, ಟ್ಯಾಂಕರ್ ಭಾವಮೈದುನನಿಂದ ವಿಳಾಸ ಕೇಳಿಕೊಂಡು ನೇರ ಮನೆಗೇ ಬಂದಳು. ಹಳದಿ ವ್ಯಾನು ಓಣಿಯ ಬಾಯಿಗೆ ನಿಂತುಕೊಂಡಿತು. ಮೂವತ್ತೈದರ ಆಸುಪಾಸಿನ ಹೆಂಗಸು. ಕುತ್ತಿಗೆಯಲ್ಲಿ ಶಾಲೆಯ ಗುರುತಿನ ಚೀಟಿ, ಕೈಯಲ್ಲಿ ಯಾವುದೋ ಮಗು ಮರೆತುಹೋದ ನೀರಿನ ಬಾಟಲಿ. ಒಳಗೆ ಬಂದವಳು ಮೊದಲು ಕುರ್ಚಿ ನೋಡಿದಳು, ಆಮೇಲೆ ಬಟ್ಟೆ ಸುತ್ತಿದ ಬಲಗಾಲು, ಆಮೇಲೆ ಕಿಟಕಿಯ ಕಟ್ಟೆಯ ಮೇಲಿನ ಮೊಬೈಲು.

“ನೀವೇನಾ ಡಿಪ್ಪರಣ್ಣ?”

“ಹೌದಮ್ಮ. ಕೂತ್ಕೊ.”

“ಗಾಡಿ ಎಲ್ಲಿ ನಿಲ್ಸಿದೀರಾ?”

“ಗಾಡಿ ಇಲ್ಲಮ್ಮ. ಬಿಟ್ಟು ಬಹಳ ವರ್ಷ ಆಯ್ತು.”

ಅವಳು ಕೂತಳು. ಹೆಂಡತಿ ಚಹಾ ತಂದಿಟ್ಟು, ತಮಗೇನೂ ಗೊತ್ತಿಲ್ಲ ಎಂದು ಹೇಳುವುದನ್ನು ಮರೆತು ಅಲ್ಲೇ ನಿಂತರು.

“ಹಾಗಾದ್ರೆ ಇಷ್ಟು ದಿನ ಹೇಳಿದ್ದೆಲ್ಲ?”

“ಅಂದಾಜು. ಪೊಲೀಸ್ನೋರಿಗೂ ಬಿಸಿಲು ಆಗಲ್ಲ, ಪಕ್ಕದಲ್ಲಿ ಚಹಾ ಬೇಕು, ಗಾಡಿ ನಿಧಾನ ಆಗೋ ಜಾಗ ಬೇಕು. ಬಹಳಷ್ಟು ಸಲ ಸರಿಯಾಗಿರ್ತಿತ್ತು.”

“ಹೋದ ವಾರ ಗೋದಾಮಿನ ಹತ್ರ ಅಂದ್ರಲ್ಲ, ಅದು?”

ಡಿಪ್ಪರಣ್ಣ ಸ್ವಲ್ಪ ಯೋಚಿಸಿದರು. “ಗೊತ್ತಿಲ್ಲಮ್ಮ. ಇದ್ರೋ ಇಲ್ವೋ.”

“ನನ್ನ ಪೇಪರ್ ಎಲ್ಲ ಸರಿಯಾಗೇ ಇದೆ. ಆದ್ರೂ ನಿಲ್ಲಿಸಿದ್ರೆ ಲೇಟಾಗುತ್ತೆ, ಮಕ್ಕಳಿಗೆ ಪರೀಕ್ಷೆ ಇತ್ತು. ನಿಮ್ಮ ಮಾತು ಕೇಳಿ ರೈಲ್ವೆ ಗೇಟಿನ ದಾರಿಗೆ ತಿರುಗಿಸ್ದೆ. ಗೇಟ್ ಹಾಕಿತ್ತು. ಗೂಡ್ಸ್ ರೈಲು ಬರೋಕೆ ಎಷ್ಟೊತ್ತು! ಸೆಖೆಗೆ ಒಂದು ಮಗು ವಾಂತಿ ಮಾಡ್ತು. ಶಾಲೆಗೆ ಹೋಗೋಷ್ಟರಲ್ಲಿ ಪ್ರಶ್ನೆಪತ್ರಿಕೆ ಕೊಟ್ಟಾಗಿತ್ತು. ಮಕ್ಕಳು ಅಳ್ತಾ ಒಳಗೆ ಓಡಿದ್ವು.” ದನಿ ಏರಿಸದೆ ಹೇಳಿದಳು. ಏರಿಸಿದ್ದರೆ ಡಿಪ್ಪರಣ್ಣನಿಗೆ ಸುಲಭವಾಗುತ್ತಿತ್ತು.

ಹೆಂಡತಿ ಗಂಡನ ಕಡೆ ನೋಡಲಿಲ್ಲ. ಸೆರಗಿನ ತುದಿ ಸರಿಮಾಡಿಕೊಂಡರು.

“ನಮ್ಮ ಕಾಲದಲ್ಲಿ ಹೀಗೆ ಮಾಡಿದೋನಿಗೆ ಯಾರೂ ಬೆರಳು ಎತ್ತುತ್ತಿರ್ಲಿಲ್ಲ,” ಎಂದರು ಡಿಪ್ಪರಣ್ಣ.

ಅವಳಿಗೆ ಅರ್ಥವಾಗಲಿಲ್ಲ. ಅವರು ಕಲ್ಲಿನ ಲಾರಿಯವನ ಕಥೆ ಹೇಳಿದರು. ಅವಳು ಚಹಾ ಮುಗಿಸಿ ಲೋಟ ಕೆಳಗಿಟ್ಟಳು.

“ನಿಮ್ಮನ್ನ ಗುಂಪಿಂದ ತೆಗೀಬೇಕು ಅಂತ ನನಗೂ ಇಷ್ಟ ಇಲ್ಲ. ಆದ್ರೆ ನಿಮಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಮಾಡೋಕಾಗಲ್ಲ.”

“ಮಾಡ್ಬೇಡಮ್ಮ. ಒಂದು ನಿಮಿಷ ಕೊಡು, ತೆಗೆಯೋಕ್ ಮುಂಚೆ ಒಂದು ಮಾತು ಹೇಳ್ತೀನಿ.”

ಮೊಬೈಲ್ ಎತ್ತಿಕೊಂಡರು. ಅವಳ ಎದುರಿಗೇ, ಹೆಂಡತಿಯ ಎದುರಿಗೇ ಹೇಳಿದರು: “ನಾನು ಡಿಪ್ಪರಣ್ಣ. ಬಿಸ್ಕತ್ ಫ್ಯಾಕ್ಟರಿ ಸುದ್ದಿ ಸುಳ್ಳು. ಗೋದಾಮಿನದ್ದೂ ನಾನು ನೋಡಿದ್ದಲ್ಲ. ಯಾವುದನ್ನೂ ನೋಡಿಲ್ಲ. ನನ್ನ ಹತ್ರ ಗಾಡಿ ಇಲ್ಲ, ನಾನು ಮನೇಲಿರ್ತೀನಿ. ಇಲ್ಲೇ ಇರ್ಬೇಕು ಅನ್ನೋ ಆಸೆಗೆ ಹೇಳ್ತಿದ್ದೆ. ನನ್ನ ಮಾತು ನಂಬಿ ಸುತ್ತು ಹಾಕಿದೋರು ಕ್ಷಮಿಸಿ.” ಬೆರಳು ಬಿಟ್ಟರು. ಮಾತು ಗುಂಪಿಗೆ ಹೋಯಿತು. ಶಾಲಾ ವ್ಯಾನಿನ ಅಕ್ಕ ತನ್ನ ಮೊಬೈಲಿನಲ್ಲಿ ಒತ್ತಬೇಕಾದದ್ದನ್ನು ಒತ್ತಿ, ಹೊರಡುವಾಗ ಹೆಂಡತಿಯ ಕಡೆ ತಿರುಗಿ, “ಚಹಾ ಚೆನ್ನಾಗಿತ್ತಮ್ಮ” ಎಂದಳು.

ಮನೆ ನಿಶ್ಶಬ್ದವಾಯಿತು. ಮೊಬೈಲು ಕನ್ನಡಕದ ಡಬ್ಬಿಗೆ ಒರಗಿ ಸುಮ್ಮನೆ ನಿಂತಿರುತ್ತಿತ್ತು. ಡಿಪ್ಪರಣ್ಣ ಎರಡು ದಿನ ಅದೇ ಕುರ್ಚಿಯಲ್ಲಿ ಕೂತರು, ಮೂರನೆಯ ದಿನ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಸದಾ ಗುಂಯ್ ಎನ್ನುತ್ತದೆ ಎಂದು ಬೈಯುತ್ತಿದ್ದ ಹೆಂಡತಿಗೇ ಆ ಸದ್ದು ಇಲ್ಲದೆ ಬೇಸರವಾಗಿ ತಮ್ಮನಿಗೆ ಫೋನು ಮಾಡಿದರು. “ನೀನೇ ತಾನೇ ಸೇರಿಸಿದ್ದು? ಬಂದು ನೋಡು ನಿಮ್ಮ ಭಾವನ್ನ. ಕರೆಂಟ್ ಹೋದ ಫ್ಯಾನ್ ಆಗಿದಾರೆ.”

ತಮ್ಮ ಟ್ಯಾಂಕರ್ ಸಮೇತ ಬಂದ. “ಹತ್ತಿ ಭಾವ.”

“ಎಲ್ಲಿಗೋ?”

“ನೀರು ಹಾಕೋಕೆ. ಪೂರ್ತಿ ಊರು ಸುತ್ತೋದಿದೆ. ನೀವು ಕಣ್ಣು ಮುಚ್ಕೊಂಡು ಓಡಾಡಿದ್ದು ಸಾಕು, ಒಂದ್ಸಲ ತೆರೆದು ನೋಡಿ.”

ಕ್ಯಾಬಿನ್ನಿನ ಮೆಟ್ಟಿಲಿಗೆ ಬಲಗಾಲು ಇಟ್ಟದ್ದು ಗೊತ್ತಾಗದೆ ಎರಡು ಸಲ ಜಾರಿತು. ಹೆಂಡತಿ ಕೆಳಗಿನಿಂದ ತಳ್ಳಿದರು, ತಮ್ಮ ಮೇಲಿನಿಂದ ಎಳೆದ. “ಐಸ್‌ಗಡ್ಡೆ ಏರಿಸೋಕೆ ಕೊಕ್ಕೆ ಇಟ್ಕೊಂಡಿದ್ರಂತೆ, ನಿಮಗೂ ಒಂದು ಬೇಕಿತ್ತು” ಎಂದು ಹೆಂಡತಿ ಬಯ್ದುಕೊಂಡೇ ಬಾಗಿಲು ಹಾಕಿದರು.

ಫ್ಲೈಓವರ್ ಏರುವಾಗ ಡಿಪ್ಪರಣ್ಣ ಎರಡೂ ಕೈಯಿಂದ ಮುಂದಿನ ಹಿಡಿ ಹಿಡಿದುಕೊಂಡರು. ರಸ್ತೆ ಮನೆಗಳ ಮಾಡಿನ ಮಟ್ಟಕ್ಕೆ, ಆಮೇಲೆ ಅದಕ್ಕೂ ಮೇಲಕ್ಕೆ ಹೋಯಿತು. ಅಲ್ಲಿಂದ ಮಾರುಕಟ್ಟೆಯ ತಗಡು, ಡಿಪೋದ ಅಂಗಳ, ಹಳೆಯ ಇಳಿಜಾರು ಒಟ್ಟಿಗೇ ಕಾಣುತ್ತಿದ್ದವು. ಐಸ್ ಫ್ಯಾಕ್ಟರಿ ಇದ್ದ ಕಡೆ ಗಾಜಿನ ಕಟ್ಟಡ ಹೊಳೆಯುತ್ತಿತ್ತು. ತೊಟ್ಟಿ ಎಲ್ಲಿತ್ತೆಂದು ಅಂದಾಜು ಮಾಡಲು ಹೋದರು, ಆಗಲಿಲ್ಲ. ಎದುರಿನಿಂದ ಗಾಡಿಗಳು ಬರುತ್ತಲೇ ಇದ್ದವು. ನಡುವೆ ಕಾಂಕ್ರೀಟಿನ ಗೋಡೆ ಇತ್ತು. ಯಾರ ಮುಖವೂ ಕಾಣುತ್ತಿರಲಿಲ್ಲ.

ಭಾವಮೈದುನನ ಮೊಬೈಲ್ ಗುಂಯ್ ಎಂದಿತು. ಫ್ಲೈಓವರ್ ಇಳಿಯುವಲ್ಲಿ ತಪಾಸಣೆ ಇದೆಯಂತೆ.

“ಎಡಕ್ಕೆ ಇಳಿಯೋ ದಾರಿ ಇದೆ ಭಾವ. ತಿರುಗಿಸ್ಲಾ?”

“ಪೇಪರ್ ಇದೆಯೇನೋ?”

“ಎಲ್ಲಾ ಇದೆ.”

“ಹಾಗಾದ್ರೆ ನೇರ ಹೋಗು. ನನ್ನನ್ನ ಯಾರಾದ್ರೂ ಕೈ ಅಡ್ಡ ಹಾಕಿ ನಿಲ್ಲಿಸಿ ಎಷ್ಟು ಕಾಲ ಆಯ್ತು.”

ನಿಲ್ಲಿಸಿದವನು ಎಳೆಯ ಕಾನ್‌ಸ್ಟೇಬಲ್. ಕೈಯಲ್ಲಿ ಪುಟ್ಟ ಯಂತ್ರ. ನಂಬರ್ ಪ್ಲೇಟಿಗೆ ಅದನ್ನು ಹಿಡಿದ, ಪರದೆ ನೋಡಿದ, ಹೋಗಿ ಎಂದು ಕೈ ಬೀಸಿದ. ಕಾಗದ ಕೇಳಲಿಲ್ಲ, ಗಾಡಿಯ ಸುತ್ತ ಬರಲಿಲ್ಲ, ಮುಖವನ್ನೂ ನೋಡಲಿಲ್ಲ. ಡಿಪ್ಪರಣ್ಣ ಕಿಟಕಿಯಿಂದ ಬಗ್ಗಿ, “ಸಾರ್, ನಾವು ಮೊದಲು ಐಸ್ ಗಾಡಿ ಓಡಿಸ್ತಿದ್ವಿ, ಆಗ ಇದೇ ಜಾಗದಲ್ಲಿ...” ಎಂದು ಶುರುಮಾಡಿದರು.

“ಇನ್ನೊಂದ್ಸಲ ಬಂದಾಗ ಹೇಳಿ ತಾತ,” ಎಂದ ಆತ, ಒರಟಾಗಿಯೇನಲ್ಲ. “ಹಿಂದೆ ಗಾಡಿ ನಿಂತಿದೆ.”

ಸ್ವಲ್ಪ ದೂರ ಹೋಗಿ ಟ್ಯಾಂಕರನ್ನು ಬದಿಗೆ ಹಾಕಿಸಿದರು. ಭಾವಮೈದುನನ ಮೊಬೈಲ್ ಕೇಳಿ ತೆಗೆದುಕೊಂಡು ಹೇಳಿದರು: “ಫ್ಲೈಓವರ್ ಇಳಿಯೋ ಜಾಗ. ಒಬ್ಬನೇ ಇದಾನೆ, ಜೊತೆಗೆ ಬೈಕ್ ಇದೆ. ನಂಬರ್ ಮಾತ್ರ ನೋಡ್ತಾನೆ, ಬೇಗ ಬಿಡ್ತಾನೆ. ಹೆದರಿ ಸುತ್ತು ಹೋಗೋದು ಬೇಡ. ಮಾತಾಡ್ತಿರೋದು ಡಿಪ್ಪರಣ್ಣ, ಟ್ಯಾಂಕರಲ್ಲಿ ಪಕ್ಕ ಕೂತಿದೀನಿ. ಕಣ್ಣಾರೆ ನೋಡಿದ್ದು.”

ಎರಡು ಮನೆಗಳಿಗೆ ನೀರು ಹಾಕಿ ಆಗುವವರೆಗೂ ಡಿಪ್ಪರಣ್ಣ ಉತ್ತರಕ್ಕೆ ಕಾಯುತ್ತ ಆ ಮೊಬೈಲನ್ನು ಕೈಯಿಂದ ಕೆಳಗಿಡಲಿಲ್ಲ. ಮೂರನೆಯ ಮನೆಯ ಸಂಪಿನ ಬಾಯಿಗೆ ಪೈಪು ಇಳಿಸುತ್ತಿರುವಾಗ ಶಾಲಾ ವ್ಯಾನಿನ ಅಕ್ಕನ ದನಿ ಬಂತು.

“ಸರಿ ಇದೆ. ನಾನೂ ಅದೇ ದಾರೀಲಿ ಬಂದೆ.” ಸ್ವಲ್ಪ ಬಿಟ್ಟು ಇನ್ನೊಂದು: “ಡಿಪ್ಪರಣ್ಣನ ಹೆಸರು ಕಾಯೋರ ಸಾಲಿಗೆ ಹಾಕ್ತೀನಿ. ಕೊನೇಲಿ. ಮುಂದೆ ಬಹಳ ಜನ ಇದಾರೆ, ಒಳಗೆ ಹಾಕಿ ಅಂತ ಯಾರೂ ಶಿಫಾರಸು ತರ್ಬೇಡಿ.”

“ಕಾಯ್ತೀನಿ ಅಂತ ಹೇಳೋ,” ಎಂದರು ಡಿಪ್ಪರಣ್ಣ, ಪೈಪು ಹಿಡಿದು ನಿಂತಿದ್ದ ಭಾವಮೈದುನನಿಗೆ.

ಈಗಲೂ ಅವರು ಸಾಲಿನಲ್ಲೇ ಇದ್ದಾರೆ. ಭಾವಮೈದುನನಿಗೆ ದೂರದ ಸುತ್ತು ಇರುವ ದಿನ ಟ್ಯಾಂಕರ್ ಹತ್ತುತ್ತಾರೆ. ಅವನ ಮೊಬೈಲಿನಲ್ಲಿ ಸುದ್ದಿ ಕೊಡುತ್ತಾರೆ, 'ಡಿಪ್ಪರಣ್ಣ' ಎಂದು ಸೇರಿಸುವುದನ್ನು ತಪ್ಪಿಸುವುದಿಲ್ಲ. ತಪಾಸಣೆ ಇದ್ದರೆ ಇದೆ ಎನ್ನುತ್ತಾರೆ. ಇಲ್ಲದಿದ್ದರೆ ಅದನ್ನೂ ಹೇಳುತ್ತಾರೆ. ಏನೂ ಇಲ್ಲದ ದಾರಿಯ ಸುದ್ದಿ ಆ ಗುಂಪಿನಲ್ಲಿ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಮೊದಲು ಒಂದಿಬ್ಬರು ಗೊಣಗಿದರು. ಈಗ ಬೆಳಿಗ್ಗೆ ಹೊರಡುವ ಮುನ್ನ ಕೆಲವರು ಅದಕ್ಕಾಗಿಯೇ ಕಾಯುತ್ತಾರೆ: “ಆಸ್ಪತ್ರೆ ಇಳಿಜಾರು, ಮಾರ್ಕೆಟ್, ಡಿಪೋ ರೋಡ್. ಮೂರೂ ನೋಡಿದೀನಿ. ಯಾರೂ ಇಲ್ಲ. ನಿಧಾನಕ್ಕೆ ಬನ್ನಿ.”